ಮಾರಿದ ಕಟಗಿ, ಕೊಂಡ ಕಟಗಿ

ತೊಗರಿ ರಾಶಿ ಮುಗಿದರೆ ನಮ್ಮ ಕಾಳಗಿಯ ಮನೆಗಳ ಹಿತ್ತಲಲ್ಲಿ ಇನ್ನೊಂದು ರಾಶಿ ಏಳುತ್ತದೆ, ಒಣ ಕಟಗಿಯದು. ಹೋದ ಸಲದ ಸುಗ್ಗಿಯಲ್ಲಿ ಅದನ್ನು ಕಿಲೋಗೆ ಒಂದೂವರೆ ರೂಪಾಯಿಯಂತೆ ವ್ಯಾಪಾರಿಯೊಬ್ಬರಿಗೆ ಕೊಟ್ಟುಬಿಟ್ಟೆ. ಹಿತ್ತಲು ಖಾಲಿಯಾಯಿತು, ಕೈಗೆ ರೊಕ್ಕ ಬಂತು. ಮೂರು ತಿಂಗಳ ನಂತರ ಸೇಡಂಗೆ ಹೋದವನು ಬೆಳೆ ತ್ಯಾಜ್ಯವನ್ನು ಒತ್ತಿ ಮಾಡಿದ ಬ್ರಿಕೆಟ್ ಒಂದು ಚೀಲ ತಂದೆ. 50 ಕಿಲೋಗೆ 400 ರೂಪಾಯಿ. ಅವ್ವ ಚೀಲ ಬಿಚ್ಚಿ ನೋಡಿ, "ನಮ್ ಕಟಗೀನೇ ರೊಕ್ಕ ಕೊಟ್ಟು ತಿರುಗಿ ತಂದಿಯೇನೋ ತಮ್ಮಾ?" ಎಂದಳು.

ಮುಂಗೈ ದಪ್ಪದ ಆ ತುಂಡುಗಳನ್ನು ಸುತ್ತಿಗೆಯಿಂದ ಒಡೆದರಷ್ಟೇ ಒಲೆಗೆ ಹಿಡಿಯುತ್ತಿದ್ದವು. ಹೊತ್ತಿಕೊಳ್ಳಲು ತಡ, ಹೊತ್ತಿದ ಮೇಲೆ ಕೆಂಡ ಗಟ್ಟಿ. ಬ್ಯಾಳಿ ಚೆನ್ನಾಗಿ ಬೆಂದಿತು. ಜೋಳದ ರೊಟ್ಟಿ ಮಾತ್ರ ಉಬ್ಬಲಿಲ್ಲ. ಹಂಚಿನ ತಳಕ್ಕೆ ನಾಲಗೆ ಚಾಚುವ ಉರಿ ಬೇಕು, ಅದು ಸಣ್ಣ ಕಟಗಿಯದೇ. ಚೀಲ ಒಂದೇ ವಾರಕ್ಕೆ ಮುಗಿಯಿತು.

ಆಗ ಪೆನ್ನು ಹಿಡಿದು ಕೂತೆ. ನಮ್ಮ ಮನೆಗೆ 14.2 ಕಿಲೋದ ಸಿಲಿಂಡರ್ ಐದು ವಾರ ಬರುತ್ತದೆ, ಬೆಲೆ ಹೆಚ್ಚುಕಮ್ಮಿ 900. ಐದು ವಾರಕ್ಕೆ ಬ್ರಿಕೆಟ್ ಐದು ಚೀಲ, 2,000 ರೂಪಾಯಿ! ತಪ್ಪು ಬ್ರಿಕೆಟ್‌ನದಲ್ಲ, ಒಲೆಯದು. ಕಿಲೋ ಬ್ರಿಕೆಟ್‌ನಲ್ಲಿ ಸುಮಾರು 4,000 ಕಿಲೋಕ್ಯಾಲೊರಿ ಶಾಖವಿದ್ದರೂ ನಮ್ಮ ಮಣ್ಣಿನ ಒಲೆ ಅದರಲ್ಲಿ ಹತ್ತನೇ ಒಂದು ಪಾಲನ್ನಷ್ಟೇ ಪಾತ್ರೆಗೆ ಮುಟ್ಟಿಸುತ್ತದೆ. ಉಳಿದದ್ದು ಗೋಡೆಗೆ, ಹೊಗೆಗೆ, ಅವ್ವನ ಕಣ್ಣಿಗೆ.

ಭಾರತೀಯ ಮಾನಕ ಬ್ಯೂರೊದ ಪ್ರಕಾರ ಸುಧಾರಿತ ಒಲೆಯ ದಕ್ಷತೆ ಕನಿಷ್ಠ ಶೇ 25 ಇರಬೇಕು, ಫ್ಯಾನ್ ಇರುವುದಾದರೆ ಶೇ 35. ಶೇ 25ರ ಒಲೆಯಲ್ಲಿ ಒಂದು ಸಿಲಿಂಡರಿನ ಅಡುಗೆಗೆ 100 ಕಿಲೋ ಬ್ರಿಕೆಟ್ ಸಾಕು, ಅಂದರೆ 800 ರೂಪಾಯಿ. ಉಳಿತಾಯ ನೂರು. ಉಜ್ವಲಾ ಯೋಜನೆಯ 300 ರೂಪಾಯಿ ಸಬ್ಸಿಡಿ ಸಿಗುವ ಮನೆಗೆ ಸಿಲಿಂಡರ್ 600ಕ್ಕೇ ಬೀಳುವುದರಿಂದ ಅಲ್ಲಿ ಬ್ರಿಕೆಟ್ ನಷ್ಟವೇ.

ಕಟಗಿಯನ್ನು ಒತ್ತಿದರೆ ಗಾತ್ರ ಇಳಿಯುತ್ತದೆ, ಶಾಖ ಏರುವುದಿಲ್ಲ. ಗಾತ್ರ ಇಳಿದದ್ದರ ಲಾಭ ಲಾರಿಗಟ್ಟಲೆ ದೂರ ಸಾಗಿಸುವವರಿಗೆ: ಬಾಯ್ಲರ್ ಉರಿಸುವ ಕಾರ್ಖಾನೆಗಳಿಗೆ, ಕಲ್ಲಿದ್ದಲಿಗೆ ಬದಲು ಹುಡುಕುವ ಸಿಮೆಂಟ್ ಗೂಡುಗಳಿಗೆ. ಹಿತ್ತಲಲ್ಲೇ ಕಟಗಿ ಇರುವ ನಾನು ಅದನ್ನು ಒತ್ತುವ ಯಂತ್ರದ ಕರೆಂಟು, ಕೂಲಿ, ಬಾಡಿಗೆಯನ್ನು ಯಾಕೆ ತೆರಬೇಕು?

ನಮ್ಮದೇ 100 ಕಿಲೋ ಕಟಗಿ ಮಾರಿದರೆ ಸಿಗುವುದು 150 ರೂಪಾಯಿ. ಒಳ್ಳೆ ಒಲೆಗೆ ಹಾಕಿದರೆ 900ರ ಸಿಲಿಂಡರ್ ಉಳಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಎಂಬ ಸುಧಾರಿತ ಒಲೆಯನ್ನು ಕಂಡ ಊರುಗಳಿಗೆ ಈ ಪಾಠ ಹೊಸದಲ್ಲ: ಖರ್ಚು ಮಾಡುವುದಿದ್ದರೆ ಒಲೆಯ ಮೇಲೆ ಮಾಡಬೇಕು.

ಚಿಮಣಿ ಇರುವ ಒಲೆಗೆ 2,500 ಹಾಕಿದೆ. ಮೂರು ಸಿಲಿಂಡರ್ ಉಳಿದರೆ ಅಸಲು ಬಂದಂತೆ. ಅವಸರದ ಚಹಾಕ್ಕೆ, ಮಳೆಗಾಲದ ಹಸಿ ಕಟಗಿಯ ದಿನಗಳಿಗೆ ಗ್ಯಾಸ್ ಇರಲಿ. ಈ ಸಲದ ಸುಗ್ಗಿಗೆ ವ್ಯಾಪಾರಿ ಫೋನ್ ಮಾಡಿದಾಗ ಅವ್ವ ನನ್ನ ಕೈಯಿಂದ ಮೊಬೈಲ್ ಕಸಿದುಕೊಂಡು, "ಮೊದಲ ನಮ್ ಒಲಿದ ಲೆಕ್ಕ ಆಗ್ಲಿ, ಮಿಕ್ಕಿದ್ರ ಹೇಳ್ತೀವ್ರಿ" ಎಂದಳು.