ದುರಸ್ತಿಯ ವಾರಂಟಿ ಮತ್ತು ತಪ್ಪು ದೋಷನಿರ್ಣಯ: ವಾಹನವುಳ್ಳ ವ್ಯಾಪಾರಿಗಳಿಗೆ ಮಾರ್ಗದರ್ಶಿ

ಸಣ್ಣ ಕೈಗಾರಿಕೆಯಿರಲಿ, ಸಗಟು ಅಂಗಡಿಯಿರಲಿ, ಇಂದು ವಾಹನವಿಲ್ಲದೆ ವ್ಯವಹಾರ ಸಾಗದು. ಸರಕು ಸಾಗಿಸುವ ವಾಹನ ನಾಲ್ಕು ದಿನ ನಿಂತರೆ ಬಾಡಿಗೆ ವಾಹನದ ಖರ್ಚು, ತಡವಾದ ಸರಬರಾಜು, ಗಿರಾಕಿಯ ಅಸಮಾಧಾನ ಎಲ್ಲವೂ ಮಾಲೀಕನ ಲೆಕ್ಕಕ್ಕೇ ಬೀಳುತ್ತವೆ. ಅದಕ್ಕಿಂತಲೂ ಬೇಸರದ ಸಂಗತಿಯೆಂದರೆ, ದೊಡ್ಡ ಮೊತ್ತದ ಬಿಲ್ಲು ಪಾವತಿಸಿ ಬಿಡಿಸಿಕೊಂಡು ಬಂದ ವಾಹನ ವಾರದೊಳಗೆ ಅದೇ ತೊಂದರೆಯಿಂದ ಮತ್ತೆ ನಿಲ್ಲುವುದು. ಆಗ ಡೀಲರರ ಕಾರ್ಯಾಗಾರದಲ್ಲಿ ಸಾಮಾನ್ಯವಾಗಿ ದೊರೆಯುವ ಉತ್ತರ ಇದು: "ನಾವು ಹಾಕಿದ ಭಾಗ ಸರಿಯಾಗಿಯೇ ಇದೆ. ಈಗ ಬಂದಿರುವುದು ಬೇರೆ ದೋಷ."

ಸಮಸ್ಯೆಯ ಮೂಲ ಈ ಉತ್ತರದಲ್ಲಿಯೇ ಇದೆ. ದುರಸ್ತಿಯ ವಾರಂಟಿಯು ಹೊಸದಾಗಿ ಹಾಕಿದ ಭಾಗಕ್ಕೆ ಕೊಟ್ಟ ಭರವಸೆ. ಆ ಭಾಗವನ್ನು ಬದಲಾಯಿಸಬೇಕೆಂದು ಕೈಗೊಂಡ ತೀರ್ಮಾನಕ್ಕೆ ಕೊಟ್ಟ ಭರವಸೆಯಲ್ಲ. ತೀರ್ಮಾನವೇ ತಪ್ಪಾಗಿದ್ದರೆ ಹೊಸ ಭಾಗ ನಿರ್ದೋಷವಾಗಿಯೇ ಉಳಿಯುತ್ತದೆ, ವಾರಂಟಿಯ ಕಾಗದವೂ ಉಪಯೋಗಕ್ಕೆ ಬಾರದೆ ಉಳಿಯುತ್ತದೆ. ಆದ್ದರಿಂದ ದೋಷನಿರ್ಣಯವನ್ನು ಬರವಣಿಗೆಯಲ್ಲಿ ಪಡೆದುಕೊಳ್ಳುವುದೇ ಮಾಲೀಕನಿಗಿರುವ ಮುಖ್ಯ ರಕ್ಷಣೆ. ಅದನ್ನು ಪಡೆಯುವ ಬಗೆಯನ್ನೂ, ವಿವಾದ ಉಂಟಾದಾಗ ಯಾವ ಬಾಗಿಲು ತಟ್ಟಬೇಕೆಂಬುದನ್ನೂ ಈ ಲೇಖನದಲ್ಲಿ ವಿವರಿಸಲಾಗಿದೆ.

ಮೂರು ಬಗೆಯ ವಾರಂಟಿಗಳು

ಒಂದೇ ಹೆಸರಿನಿಂದ ಕರೆಯಲ್ಪಟ್ಟರೂ ವಾರಂಟಿಗಳಲ್ಲಿ ಮೂರು ಬಗೆಗಳಿವೆ. ಮೊದಲನೆಯದು ಹೊಸ ವಾಹನಕ್ಕೆ ತಯಾರಕರು ಕೊಡುವ ವಾರಂಟಿ. ಎರಡನೆಯದು ಹೆಚ್ಚುವರಿ ಹಣ ತೆತ್ತು ಪಡೆಯುವ ವಿಸ್ತರಿತ ವಾರಂಟಿ. ಇದರ ಷರತ್ತುಗಳು ಮೊದಲನೆಯದಕ್ಕಿಂತ ಕಿರಿದಾಗಿರುವುದುಂಟು. ಮೂರನೆಯದು, ಹಣ ಕೊಟ್ಟು ಮಾಡಿಸಿದ ದುರಸ್ತಿಗೂ ಹಾಕಿಸಿದ ಬಿಡಿಭಾಗಕ್ಕೂ ದೊರೆಯುವ ಸೀಮಿತ ವಾರಂಟಿ.

ಮೂರನೆಯದರಲ್ಲಿ ನಾಲ್ಕು ಮಿತಿಗಳನ್ನು ಮುಖ್ಯವಾಗಿ ಪರಿಶೀಲಿಸಬೇಕು. ಅವಧಿಯು ತಿಂಗಳು ಮತ್ತು ಕಿಲೋಮೀಟರ್ ಎರಡರಲ್ಲಿಯೂ ನಮೂದಾಗಿದ್ದು, ಯಾವುದು ಮೊದಲು ಮುಗಿಯುವುದೋ ಅಲ್ಲಿಗೆ ವಾರಂಟಿ ಕೊನೆಗೊಳ್ಳುತ್ತದೆ. ಭಾಗವನ್ನು ಉಚಿತವಾಗಿ ಬದಲಿಸಿದರೂ ಮಜೂರಿ ಸೇರಿದೆಯೇ ಎಂಬುದು ಬೇರೆಯೇ ಪ್ರಶ್ನೆ. ಮೂಲ ವಾರಂಟಿಯ ಅವಧಿಯಲ್ಲಿ ಬದಲಿಸಿದ ಭಾಗಕ್ಕೆ ಸಾಮಾನ್ಯವಾಗಿ ಉಳಿದ ಅವಧಿಯಷ್ಟೇ ರಕ್ಷಣೆ ಇರುತ್ತದೆ, ಹೊಸ ಅವಧಿ ಆರಂಭವಾಗುವುದಿಲ್ಲ. ಕೊನೆಯದಾಗಿ, ವಾಹನ ನಿಂತದ್ದರಿಂದ ಆದ ವ್ಯಾಪಾರ ನಷ್ಟಕ್ಕೆ ತಾವು ಹೊಣೆಯಲ್ಲವೆಂಬ ಷರತ್ತು ಬಹುಮಟ್ಟಿಗೆ ಇದ್ದೇ ಇರುತ್ತದೆ. ಈ ನಾಲ್ಕನ್ನೂ ಬಿಲ್ಲು ಪಾವತಿಸುವ ಮೊದಲೇ ಓದಿಕೊಳ್ಳುವುದು ಲೇಸು.

ಸಂಕೇತ ಬೇರೆ, ಕಾರಣ ಬೇರೆ

ಈಗಿನ ವಾಹನಗಳಲ್ಲಿ ಎಂಜಿನ್ ನಿಯಂತ್ರಣ ಘಟಕವು ಅನೇಕ ಸೆನ್ಸರುಗಳಿಂದ ಬರುವ ಅಳತೆಗಳನ್ನು ಗಮನಿಸುತ್ತಿರುತ್ತದೆ. ಯಾವುದಾದರೂ ಅಳತೆ ಮಿತಿ ಮೀರಿದಾಗ ಒಂದು ದೋಷ ಸಂಕೇತವನ್ನು ದಾಖಲಿಸಿ, ಎಚ್ಚರಿಕೆಯ ದೀಪವನ್ನು ಹೊತ್ತಿಸುತ್ತದೆ. ಕಾರ್ಯಾಗಾರದ ಸ್ಕ್ಯಾನರ್ ಓದುವುದು ಈ ಸಂಕೇತವನ್ನು. ಎಲ್ಲಿ ಏನು ಅಸಹಜವಾಗಿದೆಯೆಂದು ಅದು ತಿಳಿಸುತ್ತದೆ; ಯಾವ ಭಾಗ ಕೆಟ್ಟಿದೆಯೆಂದು ತೀರ್ಪು ಕೊಡುವುದಿಲ್ಲ.

ಡೀಸೆಲ್ ಸರಕು ವಾಹನಗಳಲ್ಲಿ ಕಾಣಸಿಗುವ ಪಿ 0087 ಎಂಬ ಸಂಕೇತವನ್ನು ತೆಗೆದುಕೊಳ್ಳೋಣ. ಇಂಧನ ರೈಲಿನಲ್ಲಿ ಒತ್ತಡ ಕಡಿಮೆಯಾಗಿದೆ ಎಂಬುದಷ್ಟೇ ಇದರ ಅರ್ಥ. ಇಂಧನ ಫಿಲ್ಟರ್ ಕಟ್ಟಿಕೊಂಡಿರಬಹುದು, ಟ್ಯಾಂಕಿನಿಂದ ಬರುವ ಕೊಳವೆಯಲ್ಲಿ ಗಾಳಿ ಸೇರುತ್ತಿರಬಹುದು, ಒತ್ತಡ ಅಳೆಯುವ ಸೆನ್ಸರ್ ತಪ್ಪು ಹೇಳುತ್ತಿರಬಹುದು, ಇಂಜೆಕ್ಟರ್ ಸೋರುತ್ತಿರಬಹುದು, ಇಲ್ಲವೇ ಅಧಿಕ ಒತ್ತಡದ ಪಂಪೇ ಸವೆದಿರಬಹುದು. ಫಿಲ್ಟರಿನ ಬೆಲೆಗೂ ಪಂಪಿನ ಬೆಲೆಗೂ ಅಜಗಜಾಂತರ. ಒತ್ತಡವನ್ನು ಅಳೆದು ನೋಡದೆ ನೇರವಾಗಿ ಪಂಪನ್ನು ಬದಲಿಸಿ, ಜೊತೆಗೆ ಫಿಲ್ಟರನ್ನೂ ಬದಲಿಸಿದರೆ ವಾಹನ ಸರಿಹೋಗಬಹುದು. ಆದರೆ ಸರಿಪಡಿಸಿದ್ದು ಯಾವುದೆಂಬುದು ಗೊತ್ತಾಗದೆಯೇ ಉಳಿಯುತ್ತದೆ.

ಪೆಟ್ರೋಲ್ ವಾಹನಗಳ ಪಿ 0420 ಸಂಕೇತವೂ ಇಂಥದೇ. ಇದು ಹೊಗೆ ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರಿನ ದಕ್ಷತೆ ಕುಸಿದಿದೆ ಎನ್ನುತ್ತದೆ. ಹೊಗೆಕೊಳವೆಯ ಸೋರಿಕೆ ಅಥವಾ ಆಮ್ಲಜನಕ ಸೆನ್ಸರಿನ ದೋಷವೂ ಇದೇ ಸಂಕೇತವನ್ನು ಕೊಡಬಲ್ಲದು. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಜಾರಿಯಾದ ಮೇಲೆ ಡೀಸೆಲ್ ವಾಹನಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಮುಂತಾದ ಹೊಸ ಉಪಕರಣಗಳು ಸೇರಿವೆ. ಊರೊಳಗಿನ ಕಿರು ಓಡಾಟದಲ್ಲಿಯೇ ಇರುವ ವಾಹನದಲ್ಲಿ ಈ ಮಸಿ ಸುಟ್ಟುಹೋಗಲು ಬೇಕಾದಷ್ಟು ಶಾಖ ದೊರೆಯದೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಅಲ್ಲಿ ಮೊದಲು ವಿಚಾರಿಸಬೇಕಾದದ್ದು ಬಳಕೆಯ ರೀತಿಯನ್ನು.

ಜಾಬ್ ಕಾರ್ಡಿನಲ್ಲಿ ಬರೆಸಬೇಕಾದದ್ದು

ವಾಹನವನ್ನು ಒಪ್ಪಿಸುವಾಗ ಬರೆಯುವ ಜಾಬ್ ಕಾರ್ಡ್ ಮುಂದೆ ಯಾವುದೇ ವಿವಾದದಲ್ಲಿ ಮೊದಲ ದಾಖಲೆಯಾಗುತ್ತದೆ. "ಪಂಪ್ ಬದಲಿಸಿ" ಎಂದು ಮಾಲೀಕನೇ ಬರೆಸಿದರೆ, ಕೇಳಿದ ಕೆಲಸವನ್ನು ಮಾಡಿಕೊಟ್ಟೆವೆಂದು ಕಾರ್ಯಾಗಾರ ಹೇಳಬಹುದು. ಆದಕಾರಣ ಪರಿಹಾರವನ್ನು ಸೂಚಿಸದೆ ಲಕ್ಷಣವನ್ನು ಬರೆಸಬೇಕು. ಉದಾಹರಣೆಗೆ: "ಅಂಕೋಲೆಯಿಂದ ಹುಬ್ಬಳ್ಳಿಗೆ ಹೊರೆಯೊಂದಿಗೆ ಮರಳುವಾಗ, ಅರಬೈಲ್ ಘಟ್ಟ ಏರುವಲ್ಲಿ ಎಂಜಿನ್ನಿನ ಶಕ್ತಿ ಕುಂದುತ್ತದೆ. ನಿಲ್ಲಿಸಿ ಮತ್ತೆ ಚಾಲೂ ಮಾಡಿದರೆ ಸ್ವಲ್ಪ ಹೊತ್ತು ಸರಿಯಾಗಿರುತ್ತದೆ. ಕಾರಣವನ್ನು ಪತ್ತೆಹಚ್ಚಿ ತಿಳಿಸುವುದು." ಇದರೊಂದಿಗೆ ಕೆಳಗಿನ ಅಂಶಗಳನ್ನೂ ನಮೂದಿಸಬೇಕು.

1. ದಿನಾಂಕ, ಕಿಲೋಮೀಟರ್ ಅಂಕಿ, ಹೊತ್ತಿರುವ ಎಚ್ಚರಿಕೆಯ ದೀಪಗಳು.

2. ಸ್ಕ್ಯಾನರಿನ ವರದಿಯ ಪ್ರತಿ ಕೊಡಬೇಕೆಂಬ ಕೋರಿಕೆ. ಸಂಕೇತಗಳನ್ನು ಅಳಿಸುವ ಮೊದಲೇ ಈ ಪ್ರತಿ ಪಡೆಯತಕ್ಕದ್ದು.

3. ಯಾವ ಪರೀಕ್ಷೆ ಮಾಡಿ, ಯಾವ ಅಳತೆ ಕಂಡು, ಯಾವ ಭಾಗ ಕೆಟ್ಟಿದೆಯೆಂದು ನಿರ್ಧರಿಸಲಾಯಿತೆಂಬ ಒಂದೆರಡು ಸಾಲಿನ ಟಿಪ್ಪಣಿ.

4. ಅಂದಾಜು ವೆಚ್ಚ, ಹಾಗೂ ಅದನ್ನು ಮೀರುವ ಕೆಲಸಕ್ಕೆ ಮಾಲೀಕನ ಲಿಖಿತ ಒಪ್ಪಿಗೆ ಬೇಕೆಂಬ ಷರತ್ತು.

5. ಹಣ ಕೊಟ್ಟು ಬದಲಿಸಿದ ಹಳೆಯ ಭಾಗಗಳನ್ನು ಹಿಂದಿರುಗಿಸಬೇಕೆಂಬ ಮಾತು. ವಾರಂಟಿಯಲ್ಲಿ ಉಚಿತವಾಗಿ ಬದಲಿಸಿದ ಭಾಗ ಸಾಮಾನ್ಯವಾಗಿ ಕಂಪನಿಗೆ ಹೋಗುತ್ತದೆ. ಅಂಥಲ್ಲಿ ಛಾಯಾಚಿತ್ರ ತೆಗೆದಿಟ್ಟುಕೊಂಡರೆ ಸಾಕು.

6. ವಾಹನವು ದಿನನಿತ್ಯದ ಸರಬರಾಜಿಗೆ ಬಳಕೆಯಾಗುತ್ತಿದೆ ಎಂಬ ಸೂಚನೆ. 1872ರ ಭಾರತೀಯ ಕರಾರು ಅಧಿನಿಯಮದ 73ನೆಯ ಕಲಮಿನ ಪ್ರಕಾರ, ಕರಾರು ಮುರಿದುದರಿಂದ ಸಹಜವಾಗಿ ಉಂಟಾಗುವ ನಷ್ಟ, ಅಥವಾ ಕರಾರಿನ ಸಮಯದಲ್ಲಿಯೇ ಉಂಟಾಗಬಹುದೆಂದು ಎರಡೂ ಪಕ್ಷಗಳಿಗೆ ತಿಳಿದಿದ್ದ ನಷ್ಟ ಪರಿಹಾರಕ್ಕೆ ಅರ್ಹ. ದೂರದ, ಪರೋಕ್ಷ ನಷ್ಟಕ್ಕೆ ಪರಿಹಾರವಿಲ್ಲ. ಈ ಒಂದು ಸಾಲು ಮುಂದೆ ಬಾಡಿಗೆ ವಾಹನದ ಖರ್ಚನ್ನು ಕೇಳುವಾಗ ಆಧಾರವಾಗಬಲ್ಲದು.

ದೋಷ ಮರಳಿದಾಗ

ಅದೇ ತೊಂದರೆ ಮತ್ತೆ ಕಂಡರೆ ಹಳೆಯ ಜಾಬ್ ಕಾರ್ಡಿನ ಸಂಖ್ಯೆಯನ್ನು ಉಲ್ಲೇಖಿಸಿ, "ಹಿಂದಿನ ದೋಷವೇ ಮುಂದುವರಿದಿದೆ" ಎಂದು ಹೊಸ ಕಾರ್ಡಿನಲ್ಲಿ ಬರೆಸಬೇಕು. ಇಲ್ಲವಾದರೆ ಅದು ಹೊಸ ದೂರೆಂದೇ ದಾಖಲಾಗುತ್ತದೆ. ಅದೇ ದಿನ ಡೀಲರರಿಗೂ ತಯಾರಕರ ಗ್ರಾಹಕ ವಿಭಾಗಕ್ಕೂ ಪತ್ರ ಅಥವಾ ಇ-ಮೇಲ್ ಕಳುಹಿಸುವುದು ಒಳ್ಳೆಯದು. ಎರಡನೆಯ ಅಭಿಪ್ರಾಯಕ್ಕಾಗಿ ಬೇರೊಬ್ಬ ತಂತ್ರಜ್ಞರಲ್ಲಿಗೆ ಹೋಗುವುದಾದರೆ, ಭಾಗಗಳನ್ನು ಬಿಚ್ಚದೆ ಸ್ಕ್ಯಾನ್ ಮತ್ತು ಅಳತೆಯ ಮಟ್ಟದ ಪರೀಕ್ಷೆಯನ್ನಷ್ಟೇ ಮಾಡಿಸಿ ಲಿಖಿತ ವರದಿ ಪಡೆಯಬೇಕು. ಬಿಚ್ಚಿದ ಮೇಲೆ ಯಾರಿಂದ ಏನು ಕೆಟ್ಟಿತೆಂಬುದನ್ನು ಸಾಬೀತುಪಡಿಸುವುದು ಕಷ್ಟ.

ವಿವಾದವಿರುವಾಗ ಬಿಲ್ಲು ಕಟ್ಟದೆ ಕೂರುವುದು ಅನೇಕರ ಸಹಜ ಪ್ರವೃತ್ತಿ. ಆದರೆ ಕರಾರು ಅಧಿನಿಯಮದ 170ನೆಯ ಕಲಮಿನಂತೆ, ತನ್ನ ವಶಕ್ಕೆ ಕೊಟ್ಟ ವಸ್ತುವಿನ ಮೇಲೆ ಶ್ರಮ ಅಥವಾ ಕೌಶಲ ವ್ಯಯಿಸಿ ಕೆಲಸ ಮಾಡಿದವನು ತನ್ನ ಸಂಭಾವನೆ ದೊರೆಯುವವರೆಗೆ ಆ ವಸ್ತುವನ್ನು ಇಟ್ಟುಕೊಳ್ಳಬಹುದು. ವಾಹನ ಅಲ್ಲಿಯೇ ಉಳಿದಷ್ಟೂ ನಷ್ಟ ಮಾಲೀಕನದೇ. ಆದ್ದರಿಂದ "ಆಕ್ಷೇಪಣೆಯೊಂದಿಗೆ ಪಾವತಿಸಲಾಗಿದೆ" ಎಂದು ಬಿಲ್ಲಿನ ಮೇಲೂ ಪ್ರತ್ಯೇಕ ಪತ್ರದಲ್ಲೂ ಬರೆದು, ಹಣ ತೆತ್ತು ವಾಹನವನ್ನು ಬಿಡಿಸಿಕೊಳ್ಳುವುದು ವ್ಯಾವಹಾರಿಕ ಮಾರ್ಗ. "ಕೆಲಸ ತೃಪ್ತಿಕರವಾಗಿದೆ" ಎಂದು ಅಚ್ಚಾಗಿರುವ ಜಾಗದಲ್ಲಿ ಓದದೆ ಸಹಿ ಮಾಡಬಾರದು.

ಹೊರಗಿನ ಗ್ಯಾರೇಜಿಗೆ ಹೋದರೆ ವಾರಂಟಿ ಹೋಗುವುದೇ?

2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗವು 14 ಕಾರು ತಯಾರಕ ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗಗಳನ್ನೂ ದೋಷ ಪತ್ತೆಯ ಉಪಕರಣಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ತಡೆದದ್ದು ಸ್ಪರ್ಧೆಗೆ ಮಾರಕವೆಂಬುದು ಅದರ ನಿಲುವು. ಹೊರಗೆ ದುರಸ್ತಿ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿ ರದ್ದೆಂಬ ಷರತ್ತು ಹಾಕಕೂಡದೆಂದೂ, ಹೊರಗಿನ ತಪ್ಪು ಕೆಲಸದಿಂದ ಹಾನಿಯಾದಷ್ಟಕ್ಕೆ ಮಾತ್ರ ರದ್ದುಪಡಿಸಬಹುದೆಂದೂ ಆಯೋಗ ಹೇಳಿತು. ಕಂಪನಿಗಳು ಈ ಆದೇಶವನ್ನು ಮೇಲಿನ ಪೀಠಗಳಲ್ಲಿ ಪ್ರಶ್ನಿಸಿದ್ದರಿಂದ ಅದೊಂದನ್ನೇ ನಂಬಿ ಮುಂದುವರಿಯುವುದು ವಿವೇಕವಲ್ಲ. ವಾರಂಟಿ ನಿರಾಕರಿಸಿದಾಗ, ಹೊರಗಿನ ಯಾವ ಕೆಲಸದಿಂದ ಈ ದೋಷ ಉಂಟಾಯಿತೆಂಬುದನ್ನು ಬರೆದುಕೊಡುವಂತೆ ಕೇಳಲು ಮಾತ್ರ ಹಿಂಜರಿಯಬೇಕಿಲ್ಲ.

ವ್ಯಾಪಾರಿಯು ಗ್ರಾಹಕನೇ?

2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಲ್ಲಿ ದುರಸ್ತಿಯೂ ಒಂದು ಸೇವೆ. ಸಂಬಂಧಪಟ್ಟ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ಮುಚ್ಚಿಡುವುದನ್ನೂ ಈ ಅಧಿನಿಯಮ ಸೇವಾ ನ್ಯೂನತೆಯಲ್ಲಿ ಸೇರಿಸಿದೆ. ಬಿಲ್ಲು ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ಆದರೆ ವಾಣಿಜ್ಯ ಉದ್ದೇಶಕ್ಕಾಗಿ ಪಡೆದ ಸರಕು ಸೇವೆಗಳಿಗೆ ಈ ರಕ್ಷಣೆ ಇಲ್ಲ. ಸ್ವಂತ ದುಡಿಮೆಯಿಂದ ಜೀವನೋಪಾಯ ನಡೆಸಲೆಂದೇ ಬಳಸುವವರಿಗೆ ಮಾತ್ರ ವಿನಾಯಿತಿ ಉಂಟು.

1995ರಲ್ಲಿ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಗೆರೆಯನ್ನು ಸ್ಪಷ್ಟಪಡಿಸಿತು. ಜೀವನೋಪಾಯಕ್ಕಾಗಿ ಲಾರಿ ಕೊಂಡು ತಾನೇ ಓಡಿಸುವವನು ಗ್ರಾಹಕ. ಒಬ್ಬಿಬ್ಬರು ಸಹಾಯಕರಿದ್ದ ಮಾತ್ರಕ್ಕೆ ಆ ಸ್ಥಾನ ಕಳೆದುಕೊಳ್ಳುವುದಿಲ್ಲ. ಬೇರೆಯವರಿಂದಲೇ ಓಡಿಸಲು ಕೊಂಡವನು ಗ್ರಾಹಕನಲ್ಲ. ಕಂಪನಿಯ ಹೆಸರಿನಲ್ಲಿ ನಿರ್ದೇಶಕರ ಸ್ವಂತ ಬಳಕೆಗೆ ಕೊಂಡ ಕಾರುಗಳ ವಿಷಯದಲ್ಲಿ, ಅವುಗಳ ಬಳಕೆಗೂ ಲಾಭದ ಚಟುವಟಿಕೆಗೂ ಸಂಬಂಧವಿದೆಯೆಂದು ಸಾಬೀತಾಗದ ಕಾರಣ, ಅದು ವಾಣಿಜ್ಯ ಉದ್ದೇಶವಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2024ರ ಜುಲೈಯಲ್ಲಿ ತೀರ್ಪು ನೀಡಿದೆ.

ಗ್ರಾಹಕರೆನಿಸಿದವರು ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. ತೆತ್ತ ಮೌಲ್ಯ 50 ಲಕ್ಷ ರೂಪಾಯಿಯವರೆಗೆ ಇದ್ದರೆ ಜಿಲ್ಲಾ ಆಯೋಗಕ್ಕೆ ಅಧಿಕಾರವಿದೆ. 5 ಲಕ್ಷದವರೆಗೆ ಶುಲ್ಕವಿಲ್ಲ. ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಮೊದಲ ಹೆಜ್ಜೆಯಾಗಿ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯನ್ನು ಬಳಸಬಹುದು.

ಇತರರಿಗೆ ಸಿವಿಲ್ ನ್ಯಾಯಾಲಯವೇ ದಾರಿ. ಕಾಲಮಿತಿ ಸಾಮಾನ್ಯವಾಗಿ ಮೂರು ವರ್ಷ. ವಿವಾದದ ಮೌಲ್ಯ 3 ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚಿದ್ದು ವಾಣಿಜ್ಯ ವ್ಯಾಜ್ಯವೆನಿಸಿದರೆ, ತುರ್ತು ಪರಿಹಾರ ಬೇಡದ ದಾವೆಗೆ ಮುನ್ನ ಮಧ್ಯಸ್ಥಿಕೆ ಕಡ್ಡಾಯ. ಸಣ್ಣ ಮೊತ್ತದಲ್ಲಿಯೂ ದಾಖಲೆಗಳನ್ನು ಮುಂದಿಟ್ಟು ಮಾತುಕತೆಯಿಂದ ಬಗೆಹರಿಸಿಕೊಳ್ಳುವುದೇ ಲಾಭಕರ.

ಯಾರ ಮೇಲೆ, ಎಷ್ಟರ ಮಟ್ಟಿಗೆ

ವಿವಾದವೆದ್ದ ಕೂಡಲೇ ಹೊಸ ವಾಹನವನ್ನೇ ಕೇಳುವುದು ರೂಢಿ. 2006ರ ಮಾರುತಿ ಉದ್ಯೋಗ್ ವಿರುದ್ಧ ಸುಶೀಲ್ ಕುಮಾರ್ ಗಬ್ಗೋತ್ರ ಪ್ರಕರಣದಲ್ಲಿ, ವಾರಂಟಿಯ ಷರತ್ತು ದೋಷಯುಕ್ತ ಭಾಗದ ಬದಲಾವಣೆಗೆ ಸೀಮಿತವಾಗಿರುವಾಗ ಇಡೀ ಕಾರನ್ನು ಬದಲಿಸಿಕೊಡಬೇಕೆಂಬ ಆದೇಶವನ್ನು ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ. 2021ರ ಟಾಟಾ ಮೋಟಾರ್ಸ್ ವಿರುದ್ಧ ಆಂಟೋನಿಯೊ ಪಾವ್ಲೊ ವಾಜ್ ಪ್ರಕರಣದಲ್ಲಿ, ತಯಾರಕರಿಗೂ ಡೀಲರರಿಗೂ ಇರುವುದು ಸ್ವತಂತ್ರ ವ್ಯಾಪಾರಿಗಳ ಸಂಬಂಧವಾದಾಗ, ತಯಾರಕರಿಗೆ ಅರಿವಿಲ್ಲದ ಡೀಲರರ ತಪ್ಪಿಗೆ ಅವರನ್ನು ಹೊಣೆ ಮಾಡಲಾಗದೆಂದು ಹೇಳಿತು. ಆದ್ದರಿಂದ ತಪ್ಪು ದೋಷನಿರ್ಣಯದ ದೂರು ಮೊದಲು ಡೀಲರರ ಮೇಲೆ ನಿಲ್ಲುತ್ತದೆ. ತಯಾರಕರಿಗೆ ಆರಂಭದಲ್ಲಿಯೇ ಬರೆದು ತಿಳಿಸಿದ್ದರೆ ತಮಗೆ ಅರಿವಿರಲಿಲ್ಲವೆಂಬ ಮಾತಿಗೆ ಆಸ್ಪದ ಕಡಿಮೆ. ಬೇಡಿಕೆಯೂ ಅಳತೆಯಲ್ಲಿರಬೇಕು: ಅನಾವಶ್ಯಕವಾಗಿ ಹಾಕಿದ ಭಾಗದ ಬೆಲೆ, ಅದರ ಮಜೂರಿ, ಎರಡನೆಯ ದುರಸ್ತಿಯ ವೆಚ್ಚ, ರಸೀದಿಯುಳ್ಳ ಬಾಡಿಗೆ ವಾಹನದ ಖರ್ಚು.

ಲೆಕ್ಕ ಹಾಕುವಾಗ ತೆರಿಗೆಯನ್ನು ಮರೆಯಬಾರದು. 13 ಅಥವಾ ಅದಕ್ಕೂ ಕಡಿಮೆ ಆಸನಗಳ ಪ್ರಯಾಣಿಕ ವಾಹನಗಳ ದುರಸ್ತಿಗೆ ತೆತ್ತ ಜಿ.ಎಸ್.ಟಿ.ಗೆ, ಕೆಲವು ನಿರ್ದಿಷ್ಟ ವ್ಯವಹಾರಗಳ ಹೊರತು, ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಹೀಗಾಗಿ ಕಾರಿನ ವಿಷಯದಲ್ಲಿ ತೆರಿಗೆಯೂ ನಷ್ಟದ ಭಾಗವೇ. ಸರಕು ವಾಹನಕ್ಕೆ ಜಮೆ ಪಡೆದಿದ್ದರೆ ಆ ತೆರಿಗೆಯನ್ನು ಮತ್ತೆ ನಷ್ಟವೆಂದು ತೋರಿಸುವುದು ಸರಿಯಲ್ಲ.

ಸದಸ್ಯರು ಪ್ರತಿ ವಾಹನಕ್ಕೂ ಒಂದು ಕಡತವಿಟ್ಟು ಜಾಬ್ ಕಾರ್ಡ್, ಸ್ಕ್ಯಾನ್ ವರದಿ, ಅಂದಾಜು ಪಟ್ಟಿ, ಬಿಲ್ಲು ಮತ್ತು ಪತ್ರಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಡುವುದು ಸೂಕ್ತ. ವಾಹನವನ್ನು ಕಾರ್ಯಾಗಾರಕ್ಕೆ ಒಯ್ಯುವ ಚಾಲಕನಿಗೂ ಗುಮಾಸ್ತನಿಗೂ ಮೇಲಿನ ಆರು ಅಂಶಗಳನ್ನು ತಿಳಿಸಿ, ಖಾಲಿ ಜಾಬ್ ಕಾರ್ಡಿಗೆ ಸಹಿ ಮಾಡದಂತೆ ಸೂಚಿಸಬೇಕು. ಮೊತ್ತ ದೊಡ್ಡದಾಗಿದ್ದರೆ ಇದೇ ಕಡತದೊಂದಿಗೆ ವಕೀಲರನ್ನು ಕಾಣುವುದು ಒಳಿತು.