ಊರ ಕಾಲೇಜೋ, ಸಾಲದ ಸೀಟೋ?

ಶಿಡ್ಲಘಟ್ಟದ ರೇಷ್ಮೆ ರೀಲರ್ ಒಬ್ಬರ ಚಿಂತೆ: ಪಿಯುಸಿ ಮುಗಿಸಿದ ಮಗಳನ್ನು ಸಾಲ ಮಾಡಿ ಬೆಂಗಳೂರಿನ ಖಾಸಗಿ ಕಾಲೇಜಿಗೆ ಬಿ.ಕಾಂ.ಗೆ ಸೇರಿಸಬೇಕೆ, ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಸಾಕೆ?

ಸಾಲ ಬೇಡ. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರದ ಸರ್ಕಾರಿ ಕಾಲೇಜುಗಳೆಲ್ಲ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೇ ಸೇರಿವೆ. ರಾಜಧಾನಿಯ ಪೂರ್ವ ಭಾಗದ ಎಷ್ಟೋ ಖಾಸಗಿ ಕಾಲೇಜುಗಳೂ ಅದರಡಿಯಲ್ಲೇ ಇವೆ. ಸ್ವಾಯತ್ತವಲ್ಲದ ಕಾಲೇಜಾದರೆ ಪ್ರಶ್ನೆಪತ್ರಿಕೆಯೂ ಒಂದೇ. 2024-25ರಿಂದ ಪದವಿ ಮತ್ತೆ ಮೂರು ವರ್ಷದ್ದು, ಹಾಗಾಗಿ ನಾಲ್ಕನೇ ವರ್ಷದ ಖರ್ಚಿನ ಭಯವೂ ಇಲ್ಲ.

ಚಿಂತಾಮಣಿಗೆ ಹೋಗಿಬಂದರೂ ಮಗಳಿಗೆ ಬಸ್ ಚಾರ್ಜಿಲ್ಲ. ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ 2023ರ ಜೂನ್‌ನಿಂದ ಇದೆ, ಗುರುತಿನ ಚೀಟಿ ಮರೆಯದಿದ್ದರೆ ಸರಿ.

ಎಡವುವುದು ಕಾಗದಪತ್ರದಲ್ಲಿ. ಪ್ರವೇಶದ ಅರ್ಜಿ ಯುಯುಸಿಎಂಎಸ್ ಜಾಲತಾಣದಲ್ಲಿ, ವಿದ್ಯಾರ್ಥಿವೇತನದ್ದು ರಾಜ್ಯದ ಎಸ್‌ಎಸ್‌ಪಿ ಜಾಲತಾಣದಲ್ಲಿ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಈಗಲೇ ಹೋಗಬೇಕು. ಮಗಳ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರದಿದ್ದರೆ ಮಂಜೂರಾದ ಹಣವೂ ಕೈಸೇರದು. ಸೈಬರ್ ಸೆಂಟರ್‌ನವರ ಮೇಲೆ ಎಲ್ಲ ಬಿಟ್ಟು ನಿಶ್ಚಿಂತೆಯಿಂದಿರುವ ಅಪ್ಪಂದಿರೇ ಆಮೇಲೆ ಅಲೆಯುವವರು.

ಸರ್ಕಾರಿ ಕಾಲೇಜಿನಲ್ಲಿ ಎಲ್ಲವೂ ಚೆನ್ನ ಎಂದಲ್ಲ. ಪಾಠದ ದೊಡ್ಡ ಭಾರ ಹೊರುವವರು ಅತಿಥಿ ಉಪನ್ಯಾಸಕರು. 2023ರ ಕೊನೆಯಲ್ಲಿ ಅವರು ಮುಷ್ಕರ ಹೂಡಿದಾಗ ರಾಜ್ಯದ ಹಲವೆಡೆ ತರಗತಿಗಳೇ ನಿಂತವು. ಆದ್ದರಿಂದ ಪ್ರವೇಶಕ್ಕೆ ಮುನ್ನ ಅಪ್ಪ, ಮಗಳು ಒಂದು ಬೆಳಿಗ್ಗೆ ಕಾಲೇಜಿಗೇ ಹೋಗಿ, ವಾಣಿಜ್ಯ ವಿಭಾಗದಲ್ಲಿ ಕಾಯಂ ಅಧ್ಯಾಪಕರೆಷ್ಟು, ಕಳೆದ ವರ್ಷ ಪಾಠ ಪೂರ್ತಿಯಾಯಿತೇ ಎಂದು ಎರಡನೇ ವರ್ಷದ ಹುಡುಗಿಯರನ್ನು ವಿಚಾರಿಸಲಿ. ಕಚೇರಿಯಲ್ಲಿ ಸಿಗದ ಉತ್ತರ ಅವರ ಬಳಿ ಸಿಗುತ್ತದೆ.