ಹೆಸರಾಂತ ವಿಶ್ವವಿದ್ಯಾಲಯದಲ್ಲಿ ಓದಿದರೆ ಸೌದಿಯಲ್ಲಿ ಕೆಲಸ ಸಿಗುತ್ತದೆಯೇ?

ಪ್ರಶ್ನೆ: ನಾವು ಪುತ್ತೂರು ಕಡೆಯವರು, ಜುಬೈಲ್‌ನಲ್ಲಿದ್ದೇವೆ. ಮಗ ಇಲ್ಲಿನ ಇಂಡಿಯನ್ ಸ್ಕೂಲಿನಲ್ಲಿ 12ನೇ ತರಗತಿ. ಎಂಜಿನಿಯರ್ ಆಗಿ ಸೌದಿಯಲ್ಲೇ, ನಮ್ಮ ಹತ್ತಿರವೇ ಕೆಲಸ ಮಾಡಬೇಕೆಂದು ಅವನ ಆಸೆ. ದೊಡ್ಡ ಹೆಸರಿನ ವಿಶ್ವವಿದ್ಯಾಲಯದವರನ್ನೇ ಅರಾಮ್ಕೋದಂಥ ಕಂಪನಿಗಳು ಕರೆಯುವುದು, ತೋಟ ಅಡವಿಟ್ಟಾದರೂ ಇಂಗ್ಲೆಂಡಿಗೆ ಕಳಿಸೋಣ ಎನ್ನುತ್ತಾರೆ ನಮ್ಮ ಮನೆಯವರು. ನನಗೆ ನಿದ್ದೆಯೇ ಬರುತ್ತಿಲ್ಲ.

ಉತ್ತರ: ತೋಟ ಅಡವಿಡಬೇಡಿ, ತಾಯಿ. ಮೊದಲು ಇದನ್ನು ಹೇಳಿಬಿಡುತ್ತೇನೆ.

ಹೆಸರಿಗೆ ಬೆಲೆ ಇಲ್ಲವೆಂದಲ್ಲ. ನಿಮ್ಮ ಹತ್ತಿರದ ದಹ್ರಾನ್‌ನಲ್ಲೇ ಕಿಂಗ್ ಫಹದ್ ವಿಶ್ವವಿದ್ಯಾಲಯವಿದೆ. 1963ರಲ್ಲಿ ಪೆಟ್ರೋಲಿಯಂ ಕಾಲೇಜಾಗಿ ಶುರುವಾದದ್ದು, ಅರಾಮ್ಕೋ ಕೇಂದ್ರ ಕಚೇರಿ ಪಕ್ಕದಲ್ಲೇ. ಅಲ್ಲಿ ಓದಿದ ಸೌದಿ ಹುಡುಗನಿಗೆ ಆ ಹೆಸರು ತುಂಬಾ ನೆರವಾಗುತ್ತದೆ. ಅದೇ ತರಗತಿಯಲ್ಲಿ ಅಷ್ಟೇ ಅಂಕ ತೆಗೆದರೂ ನಿಮ್ಮ ಮಗನಿಗೆ ದಾರಿ ಅಷ್ಟು ಸುಲಭವಲ್ಲ. ಅಡ್ಡ ಬರುವುದು ಕಾನೂನು. ಐದು ಅಥವಾ ಹೆಚ್ಚು ಎಂಜಿನಿಯರ್‌ಗಳಿರುವ ಖಾಸಗಿ ಕಂಪನಿಗಳಲ್ಲಿ ಆ ಎಂಜಿನಿಯರ್‌ಗಳ ಪೈಕಿ ನೂರಕ್ಕೆ 25 ಮಂದಿಯಾದರೂ ಸೌದಿಗಳೇ ಇರಬೇಕೆಂಬ ನಿಯಮ 2024ರ ಜುಲೈನಲ್ಲಿ ಜಾರಿಗೆ ಬಂತು. ವಿದೇಶಿ ಎಂಜಿನಿಯರಿಗೆ ಕನಿಷ್ಠ ಐದು ವರ್ಷ ಅನುಭವವಿರಬೇಕೆಂಬ ಷರತ್ತು 2018ರಲ್ಲೇ ಬಂದಿತ್ತು. ಹೊಸಬರ ಹುದ್ದೆಗಳು ಬಹುಪಾಲು ಸೌದಿ ಮಕ್ಕಳಿಗೆ. ಹೊರಗಿನವರನ್ನು ಕರೆಯುವುದು ಕೈ ಪಳಗಿದವರು ಬೇಕಾದಾಗ. ಲಂಡನ್ ಪದವಿ ಹಿಡಿದು ಬಂದ 22ರ ಹುಡುಗನಿಗೂ ಇದೇ ಕಥೆ.

ಇಲ್ಲೇ ಬೆಳೆದ ಮಕ್ಕಳಿಗೆ ಇದು ಎಷ್ಟು ನೋಯಿಸುತ್ತದೆಂದು ನಾನು ಬಲ್ಲೆ. ಊರೆಂದರೆ ಅವರಿಗೆ ಜುಬೈಲ್. ಆದರೆ ಅವರ ಇಖಾಮಾ, ಅಂದರೆ ವಾಸದ ಪರವಾನಗಿ, ಅಪ್ಪನದರ ಜೊತೆ ಕಟ್ಟಿಕೊಂಡಿರುತ್ತದೆ, ಅದರ ಮೇಲೆ ಸುಮ್ಮನೆ ಕೆಲಸಕ್ಕೆ ಸೇರುವಂತಿಲ್ಲ.

ಆದ್ದರಿಂದ ನೀವು ಯೋಚಿಸಬೇಕಾದದ್ದು ಪದವಿ ಮುಗಿದ ಮೇಲಿನ ಮೊದಲ ಐದು ವರ್ಷ ಅವನು ಎಲ್ಲಿ ಕೆಲಸ ಕಲಿಯುತ್ತಾನೆ ಎಂಬುದನ್ನು. ನನ್ನ ಕಣ್ಣು ಸುರತ್ಕಲ್ಲಿನ ಎನ್‌ಐಟಿಕೆ ಮೇಲಿದೆ. ವಿದೇಶದಲ್ಲಿರುವ ಮಕ್ಕಳಿಗಾಗಿ ಇರುವ ಡಾಸಾ ಪ್ರವೇಶದಲ್ಲಿ ಗಲ್ಫ್‌ನಲ್ಲಿ ದುಡಿಯುವ ಭಾರತೀಯರ ಮಕ್ಕಳಿಗೆಂದೇ ಸಿಐಡಬ್ಲ್ಯುಜಿ ಎಂಬ ವಿಭಾಗವಿದೆ. ಜೆಇಇ ಮೇನ್ ರ‍್ಯಾಂಕ್ ಮೇಲೆ ಸೀಟು. ಡಾಸಾದ ಉಳಿದ ಮಕ್ಕಳು ಕಟ್ಟುವುದಕ್ಕಿಂತ ಫೀಸು ಬಹಳ ಕಡಿಮೆ. ಪಕ್ಕದಲ್ಲೇ ಎಂಆರ್‌ಪಿಎಲ್ ಇದೆ. ಅಂಥ ರಿಫೈನರಿಯಲ್ಲಿ ಐದಾರು ವರ್ಷ ದುಡಿದವನ ಅರ್ಜಿಯನ್ನು ಜುಬೈಲ್‌ನ ಕಂಪನಿಗಳು ಓದುತ್ತವೆ, ಕಾಲೇಜಿನ ಹೆಸರು ಆಗ ಎರಡನೆಯ ಮಾತು.

ಕಿಂಗ್ ಫಹದ್‌ನಲ್ಲಿ ಸ್ಕಾಲರ್‌ಶಿಪ್ ಸಮೇತ ಸೀಟು ಸಿಕ್ಕರೆ ಸಂತೋಷದಿಂದ ಸೇರಿಸಿ. ಆ ಹೆಸರು ಮುಂದಿನ ಓದಿಗೆ ಒದಗುತ್ತದೆ. 2009ರಲ್ಲಿ ಸೌದಿಯ ತುವಲ್‌ನಲ್ಲಿ ತೆರೆದ ಕೌಸ್ಟ್ ವಿಶ್ವವಿದ್ಯಾಲಯ, ಎಂಎಸ್ ಮತ್ತು ಪಿಎಚ್‌ಡಿಗೆ ಆಯ್ಕೆಯಾದ ವಿದೇಶಿ ಮಕ್ಕಳಿಗೂ ಫೀಸಿಲ್ಲದೆ, ಸ್ಟೈಪೆಂಡ್ ಕೊಟ್ಟು ಓದಿಸುತ್ತದೆ. ಆದರೆ ಪದವಿಯ ಮರುದಿನವೇ ಅರಾಮ್ಕೋ ಎಂದು ಮಗನಿಗೆ ಯಾರೂ ಮಾತು ಕೊಡಬೇಡಿ.

ಇನ್ನೊಂದು. 2025ರ ಜನವರಿ 14ರಿಂದ ಭಾರತೀಯರ ಕೆಲಸದ ವೀಸಾಗೆ ಪ್ರಮಾಣಪತ್ರಗಳ ಪರಿಶೀಲನೆ ಕಡ್ಡಾಯವಾಗಿದೆ. ಹೆಸರು ಹೊಂದದಿದ್ದರೆ ಅಲ್ಲಿ ತೊಡಕಾಗಬಹುದು. ನಮ್ಮ ಕಡೆಯ ಇನಿಷಿಯಲ್ಲು ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಥರ, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದು ಇನ್ನೊಂದು ಥರ ಇರುವುದುಂಟು. ಇಂದೇ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸವಿದ್ದರೆ ಮಗ ಶಾಲೆ ಬಿಡುವ ಮೊದಲೇ ಅಲ್ಲಿನ ಆಫೀಸಿಗೆ ಹೋಗಿ ತಿದ್ದುಪಡಿಗೆ ಅರ್ಜಿ ಕೊಡಿ.